ಮೂವತ್ತನಾಲ್ಕು ಲಕ್ಷದ ಲೆಕ್ಕ

ಉಬುದ್, ಬಾಲಿ
ಗುರುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಿನ್ನೆ ಫೋನಿನಲ್ಲಿ "ಎಲ್ಲ ಚೆನ್ನಾಗಿದೆ" ಎಂದು ಹೇಳಿ ಇಟ್ಟೆನಲ್ಲ, ಅದು ಪೂರ್ತಿ ನಿಜವಲ್ಲ. ಇವರು ಪಕ್ಕದಲ್ಲೇ ಕೂತು ಹೇಳಬೇಡ ಹೇಳಬೇಡ ಎಂದು ಕಣ್ಣು ಬಿಡುತ್ತಿದ್ದರು. ಈಗ ಮಲಗಿದ್ದಾರೆ, ಬರೆದುಬಿಡುತ್ತೇನೆ. ಭಾವನ ಎದುರು ಮಾತ್ರ ಗಟ್ಟಿಯಾಗಿ ಓದಬೇಡ. ಮೂವತ್ತೆರಡು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಹೀಗಾಯಿತು ಎಂದು ಗೊತ್ತಾದರೆ ಮುಂದಿನ ದಸರಾದವರೆಗೂ ಆಡಿಕೊಳ್ಳುತ್ತಾರೆ.

ಮೊದಲು ಇಲ್ಲಿಯ ದುಡ್ಡಿನ ಕತೆ ಕೇಳು. ನಮ್ಮ ಒಂದು ರೂಪಾಯಿಗೆ ಇಲ್ಲಿ 190ರ ಆಸುಪಾಸು ರುಪಿಯಾ. ಒಂದು ಎಳನೀರಿಗೆ 25,000 ಕೊಟ್ಟಿದ್ದೇವೆ. ಇಳಿದ ದಿನವೇ ಲಕ್ಷಾಧೀಶರಾದೆವು ಎಂದು ಇವರು ಖುಷಿಪಟ್ಟರು. ಆದರೆ ಆ ಸೊನ್ನೆಗಳಿವೆಯಲ್ಲ, ಎರಡೇ ದಿನಕ್ಕೆ ತಲೆ ಗಿರ್ರೆನ್ನಿಸುತ್ತವೆ. ಆ ಗಿರ್ರೆನ್ನುವುದೇ ಕೆಲವರಿಗೆ ಹೊಟ್ಟೆಪಾಡು.

ಕೂಟಾದಲ್ಲಿ ಇಳಿದುಕೊಂಡಿದ್ದಾಗ ಒಂದು ಸಂಜೆ ಡಾಲರ್ ಬದಲಾಯಿಸಲು ಹೊರಟೆವು. ದೊಡ್ಡ ಅಂಗಡಿಗಳಲ್ಲಿ ಡಾಲರಿಗೆ 16,000 ಚಿಲ್ಲರೆ. ಸಂದಿಯೊಳಗೆ, ಪಂಚೆ-ಚಪ್ಪಲಿ ಮಾರುವ ಅಂಗಡಿಯ ಮುಂದೆ ಒಂದು ಬೋರ್ಡು: 17,000, ಕಮಿಷನ್ ಇಲ್ಲ. "ಇಷ್ಟು ಕೊಟ್ಟರೆ ಅವನಿಗೇನು ಉಳಿಯುತ್ತದೆ?" ಎಂದೆ. "ಅದು ಅವನ ತಲೆನೋವು" ಎಂದು ಇವರು ಒಳಗೆ ಹೋದರು. 200 ಡಾಲರಿಗೆ 34 ಲಕ್ಷ. ಎಲ್ಲ 50,000ದ ನೀಲಿ ನೋಟು, 68. ಮೇಜಿನ ಮೇಲೆ ಇಪ್ಪತ್ತಿಪ್ಪತ್ತರ ಮೂರು ಗುಡ್ಡೆ, ಪಕ್ಕಕ್ಕೆ ಎಂಟು. ಇವರು ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ತಾವೇ ಎರಡು ಸಲ ಎಣಿಸಿದರು. ಸರಿಯಿತ್ತು. ಆಗ ಅವನು ನಗುತ್ತಾ ಎಲ್ಲ ಗುಡ್ಡೆಗಳನ್ನೂ ಒಟ್ಟು ಬಾಚಿ, ಅಂಚು ಸಮ ಮಾಡುವವನ ಹಾಗೆ ಮೇಜಿನ ಆಚೆ ಬದಿಗೆ ಟಪ್ ಟಪ್ ಎಂದು ಎರಡು ಸಲ ಕುಟ್ಟಿದ. ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ, "ಇಂಡಿಯಾ? ಶಾರುಖ್ ಖಾನ್!" ಎಂದ. ನಾವಿಬ್ಬರೂ ತಿರುಗಿ ಹಲ್ಲು ಬಿಟ್ಟೆವು. ಕಟ್ಟು ಇವರ ಕೈಗೆ ಬಂತು.

ರೂಮಿಗೆ ಬಂದು ಎಣಿಸಿದರೆ 55. ಹದಿಮೂರು ನೋಟು ಮೇಜಿನ ಹಿಂದೆಯೇ ಉದುರಿವೆ. ನಮ್ಮ ಲೆಕ್ಕದಲ್ಲಿ 3,400 ರೂಪಾಯಿ. ದುಡ್ಡು ಹೋದದ್ದಕ್ಕಿಂತ ಇವರ ಮುಖ ನೋಡಲಾಗಲಿಲ್ಲ ಅಕ್ಕ. ಮಂಚದ ಮೇಲೆ ನೋಟು ಹರಡಿಕೊಂಡು ನಾಲ್ಕನೇ ಸಲ ಎಣಿಸುತ್ತಿದ್ದರು, ತಮ್ಮ ಬೆರಳೇ ತಮಗೆ ಸುಳ್ಳು ಹೇಳುತ್ತಿದೆಯೋ ಎಂಬಂತೆ. ವಾಪಸ್ ಹೋಗೋಣ ಎಂದರೆ ಒಪ್ಪಲಿಲ್ಲ. ಪೊಲೀಸರಿಗೆ ಹೇಳೋಣ ಎಂದರೆ, "ಏನಂತ ಹೇಳಲಿ? ನಾನೇ ಎಣಿಸಿದ್ದೆ ಅಂತಲೇ?" ನೋಡು, ಈ ಕಸುಬು ನಡೆಯುವುದೇ ಹೀಗೆ. ಮೋಸ ಹೋದವನಿಗೆ ನಾಚಿಕೆ, ಮೋಸ ಮಾಡಿದವನಿಗೆ ನಾಳೆಯೂ ಅಂಗಡಿ.

ಇಲ್ಲಿಯ ಹೋಂಸ್ಟೇಯ ಅಮ್ಮ (ಎಲ್ಲರೂ 'ಇಬು' ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ) ಕೇಳಿ ಹಣೆ ಬಡಿದುಕೊಂಡಳು. ಬ್ಯಾಂಕ್ ಇಂಡೊನೇಷ್ಯಾದ ಪರವಾನಗಿ ಫಲಕ ಇರುವ ಕಡೆ ಮಾತ್ರ ಹೋಗಬೇಕಂತೆ. ನಾವು ಎಣಿಸಿದ ಮೇಲೆ ನೋಟನ್ನು ಅವರು ಮತ್ತೆ ಮುಟ್ಟಿದರೆ ಡಾಲರ್ ವಾಪಸ್ ತೆಗೆದುಕೊಂಡು ಎದ್ದು ಬಂದುಬಿಡಬೇಕಂತೆ. ಇದನ್ನೆಲ್ಲ ಹೇಳಿ, "ಆ ಜನ ಈ ದ್ವೀಪದವರಲ್ಲ, ಹೊರಗಿನವರು" ಎಂದು ಸೇರಿಸಿದಳು. ನಮ್ಮೂರಿನಲ್ಲೂ ಅಷ್ಟೇ ತಾನೆ, ಕಳ್ಳ ಯಾವಾಗಲೂ ಪಕ್ಕದ ಊರಿನವನೇ.

ಇನ್ನು ಎರಡನೇ ಕಳ್ಳ. ಇದನ್ನು ಭಾವನಿಗೆ ಧಾರಾಳವಾಗಿ ಹೇಳು. ದ್ವೀಪದ ದಕ್ಷಿಣದ ತುದಿಯಲ್ಲಿ ಉಲುವಾಟು ಎಂಬ ದೇವಸ್ಥಾನ. ಸಮುದ್ರದಿಂದ ಸುಮಾರು ಎಪ್ಪತ್ತು ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿದೆ. ಕನ್ನಡಕ ತೆಗೆದು ಚೀಲದಲ್ಲಿಡಿ ಎಂದು ಡ್ರೈವರ್ ಹೇಳಿದ್ದ. ತೆಗೆದಿಟ್ಟರೆ ನನಗೆ ಸಮುದ್ರ ಎಲ್ಲಿ ಕಾಣಬೇಕು? ಹಾಕಿಕೊಂಡೇ ಹೋದೆ. ಭುಜದ ಮೇಲೆ ಏನೋ ಧೊಪ್ಪೆಂದು ಬಿತ್ತು, ಮರುಕ್ಷಣ ಲೋಕವೆಲ್ಲ ಮಂಜು. ಗೋಡೆಯ ಮೇಲೆ ಕೋತಿ ಕೂತು ಕನ್ನಡಕದ ಕಡ್ಡಿ ಕಚ್ಚುತ್ತಿದೆ ಎಂದು ಇವರು ವರದಿ ಕೊಟ್ಟರು.

ನಮ್ಮ ಚಾಮುಂಡಿ ಬೆಟ್ಟದ ಕೋತಿ ಬಾಳೆಹಣ್ಣು ಸಿಕ್ಕರೆ ಸಾಕೆಂದು ಹೋಗುತ್ತದೆ. ಇವು ವ್ಯಾಪಾರಸ್ಥರು. ಅಲ್ಲಿಯ ಕೆಲಸದವನೊಬ್ಬ ಬಂದು ಹಣ್ಣು ತೋರಿಸಿದ. ಕೋತಿ ಮುಖ ತಿರುಗಿಸಿತು. ಇನ್ನೊಂದು ತೋರಿಸಿದ, ಊಹುಂ. ಮೂರನೆಯದಕ್ಕೆ ಹಣ್ಣು ಹಿಡಿದುಕೊಂಡು ಕನ್ನಡಕ ಬಿಟ್ಟಿತು. ಕೆನಡಾದ ಲೆತ್‌ಬ್ರಿಡ್ಜ್ ವಿಶ್ವವಿದ್ಯಾಲಯದವರು ಈ ಕೋತಿಗಳನ್ನೇ ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಮೊಬೈಲು, ಕನ್ನಡಕದಂಥವುಗಳಿಗೆ ಬೆಲೆ ಹೆಚ್ಚು, ಖಾಲಿ ಚೀಲಕ್ಕೆ ಕಡಿಮೆ ಎಂದು ಬೆಳೆದ ಕೋತಿಗಳಿಗೆ ಗೊತ್ತು, ಬೆಲೆಬಾಳುವುದನ್ನೇ ಆರಿಸಿ ಕದಿಯುತ್ತವೆ ಎಂದು ಅದರಲ್ಲಿದೆಯಂತೆ. ಮರಿಗಳಿಗೆ ಈ ವಿದ್ಯೆ ಬರಬೇಕಾದರೆ ನಾಲ್ಕು ವರ್ಷವಂತೆ. "ಇದು ಪ್ರಾಮಾಣಿಕ ಪ್ರಾಣಿ. ದುಡ್ಡು ತಗೊಂಡು ಮಾಲು ಕೊಟ್ಟಿತು" ಎಂದರು ಇವರು. ಕೂಟಾದ ನಂತರ ಮೊದಲ ಸಲ ನಕ್ಕರು.

ಮೂರನೆಯದರಲ್ಲಿ ನಗುವಂಥದ್ದಿಲ್ಲ. ಸೆಮಿನ್ಯಾಕ್‌ನಲ್ಲಿ ಊಟ ಮುಗಿಸಿ ರಸ್ತೆಬದಿ ನಿಂತಿದ್ದೆವು. ನಮ್ಮ ಮುಂದೆ ಒಬ್ಬ ಹುಡುಗಿ ಫುಟ್‌ಪಾತಿನ ಅಂಚಿನಲ್ಲಿ, ತಾನು ಕರೆದ ಗಾಡಿ ಎಲ್ಲಿಗೆ ಬಂತೆಂದು ಫೋನು ನೋಡುತ್ತಿದ್ದಳು. ಹಿಂದಿನಿಂದ ಸ್ಕೂಟರಿನಲ್ಲಿ ಇಬ್ಬರು ಬಂದರು, ನಿಧಾನವಾಗಿಯೇ. ದಾಟಿ ಹೋದರು. ಅವಳ ಕೈ ಮಾತ್ರ ಫೋನು ಹಿಡಿದ ಹಾಗೆಯೇ ಇತ್ತು, ಹೆಬ್ಬೆರಳು ಸಮೇತ. "ಅಯ್ಯೋ ದೇವ್ರೇ" ಎಂದಳು. ನಮ್ಮ ಕಡೆಯವಳೇ, ಬೆಂಗಳೂರು. 2024ರಲ್ಲಿ ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲೆ ಇಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ.

ಪುಣ್ಯಕ್ಕೆ ಕೈಯಲ್ಲಿ ಹಿಡಿದಿದ್ದಳು. ಚೀಲವನ್ನು ಕುತ್ತಿಗೆಗೆ ಅಡ್ಡ ಹಾಕಿಕೊಂಡು ಸ್ಕೂಟರ್ ಓಡಿಸುವವರ ಪಟ್ಟಿ ಹಿಡಿದೆಳೆದರೆ ಆಳೇ ಕೆಳಗೆ ಬೀಳುತ್ತದೆ. ಇಲ್ಲಿ ಕದಿಯುವವನಿಗಿಂತ ಆ ಬೀಳುವಿಕೆಗೆ ಹೆದರಬೇಕು. ಆದರೂ ಆ ಮಗುವಿನ ಪಾಡು ನೋಡು: ಹೋಟೆಲಿನ ವಿಳಾಸ, ಟಿಕೆಟ್, ದುಡ್ಡು ಎಲ್ಲವೂ ಫೋನಿನಲ್ಲೇ. ನನ್ನ ಫೋನು ಕೊಟ್ಟು, "ಅಮ್ಮನಿಗೆ ಮಾಡು" ಎಂದೆ. ಕೈಯಲ್ಲಿ ಹಿಡಿದುಕೊಂಡು ನಿಂತಳು. "ಆಂಟಿ, ಅಮ್ಮನ ನಂಬರ್ ನೆನಪಿಲ್ಲ" ಎಂದು ಆಮೇಲೆ ಅತ್ತಳು. ಫೋನು ಹೋದದ್ದಕ್ಕೆ ಅತ್ತಿರಲಿಲ್ಲ.

ಅವಳ ಜೊತೆ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿ ದೂರು ಬರೆಸಿದ ಚೀಟಿ ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ಬಿಡಿಗಾಸು ಕೊಡುವುದಿಲ್ಲ. ಮುಂದೆ ನಿಂತು ಮಾತಾಡಿದವರು ಯಾರು ಹೇಳು? ಇವರೇ! ಸ್ವಂತ ಹದಿಮೂರು ನೋಟಿಗೆ ಬಾಯಿ ಬಿಡದವರು ಅವಳ ಫೋನಿಗೆ ಎರಡು ಗಂಟೆ ಕೂತು ಬರೆಸಿದರು. ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿತ್ತು, ಬಚಾವ್. ಹೋಗಿದ್ದರೆ ಡೆನ್‌ಪಸಾರ್‌ನಲ್ಲಿರುವ ನಮ್ಮ ಕಾನ್ಸುಲೇಟಿಗೆ ಅಲೆಯಬೇಕಿತ್ತು.

ರೂಮಿಗೆ ಬಂದು ನಾನೇ ಪರೀಕ್ಷೆ ಮಾಡಿಕೊಂಡೆ. ನಿನ್ನ ನಂಬರಿನಲ್ಲಿ ನನಗೆ ನೆನಪಿದ್ದದ್ದು ಮೊದಲ ಐದು. ಅಪ್ಪನ ಮನೆಯ ಹಳೆಯ ಲ್ಯಾಂಡ್‌ಲೈನ್ ಮಾತ್ರ ಪೂರ್ತಿ ಬಂತು. ಈಗ ಚೀಟಿಯಲ್ಲಿ ಬರೆದು ರವಿಕೆಯೊಳಗಿನ ಪರ್ಸಿನಲ್ಲಿಟ್ಟಿದ್ದೇನೆ, ನಗಬೇಡ.

ಇಷ್ಟೆಲ್ಲ ಓದಿ ಊರೇ ಕೆಟ್ಟದ್ದು ಎಂದುಕೊಳ್ಳಬೇಡ. ಬೆಳಿಗ್ಗೆ ಇಬು ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅಕ್ಕಿ, ಒಂದು ಬಿಸ್ಕತ್ತು ಇಟ್ಟು ಬಾಗಿಲ ಮುಂದೆ ನೆಲಕ್ಕಿಡುತ್ತಾಳೆ, ಊದುಬತ್ತಿ ಹಚ್ಚಿ. ಇವತ್ತು ಮೇಲೊಂದು ನೋಟು ಇತ್ತು. ರಸ್ತೆಗೆ ಎರಡಡಿ ದೂರ. ಮಧ್ಯಾಹ್ನ ನೋಡಿದರೆ ಬಿಸ್ಕತ್ತನ್ನು ನಾಯಿ ತಿಂದಿತ್ತು, ನೋಟು ಅಲ್ಲೇ ಇತ್ತು.

ಭಾನುವಾರ ರಾತ್ರಿ ಬಂದಿಳಿಯುತ್ತೇವೆ. ನೀನು ಹೇಳಿದ ಹಾಗೆ ಒಂದು ಫೋಟೋನೂ ಫೇಸ್‌ಬುಕ್ಕಿಗೆ ಹಾಕಿಲ್ಲ. ಪೇಪರಿನವನಿಗೆ ಬೇಡ ಎಂದು ಹೇಳುವುದನ್ನು ಮರೆತು ಬಂದಿದ್ದೇನೆ. ಗೇಟಿನ ಒಳಗೆ ಐದು ದಿನದ್ದು ಬಿದ್ದಿರುತ್ತದೆ. ನಾಳೆಯೇ ಹೋಗಿ ಎತ್ತಿಡು, ಹಾಗೇ ಮುಂದಿನ ಲೈಟು ಹಾಕಿ ಬಾ.

ನಿನ್ನ ತಂಗಿ