ಮುಟ್ಟಬೇಡ ಅನ್ನೋ ಮಾತು

ಮೊನ್ನೆ ನನ್ನ ನಾಲ್ಕು ವರ್ಷದ ಮಗಳ ಕೆನ್ನೆಗೆ ಹೊಡೆದೆ. ಸ್ನಾನ ಮಾಡಿ ಬಂದವಳು ಒದ್ದೆ ಕೈಯಲ್ಲೇ ತಲೆಪಿನ್ನನ್ನು ಪ್ಲಗ್ಗಿನ ತೂತಿಗೆ ತೂರಿಸೋಕೆ ಹೊರಟಿದ್ದಳು. "ಮುಟ್ಟಬೇಡ!" ಅಂತ ಕಿರುಚಿದೆ. ಮಗು ಅಳಲಿಲ್ಲ. "ಯಾಕಪ್ಪ?" ಅಂತು. ಏನು ಹೇಳಬೇಕೋ ತಿಳಿಯದೆ, "ಒಳಗೆ ಗುಮ್ಮ ಅವನೆ" ಅಂದುಬಿಟ್ಟೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಮುಟ್ಟಬೇಡ ಅನ್ನೋ ಮಾತು ನಮ್ಮ ಜನಕ್ಕೆ ಹೊಸದಲ್ಲ. ಊರ ಬಾವಿ ಹತ್ರ ನಮ್ಮಪ್ಪ ಕೇಳಿದ್ದು, ಹೋಟ್ಲಿನ ಲೋಟದ ಹತ್ರ ನಾನು ಕೇಳಿದ್ದು ಅದೇ ಮಾತು. ಯಾಕೆ ಅಂದರೆ ಅಲ್ಲಿ ಉತ್ತರ ಇರಲಿಲ್ಲ, ಏಟು ಇತ್ತು. ಆ ಮಾತು, ಆ ಏಟು ಎರಡನ್ನೂ ನನ್ನ ಮಗುವಿಗೆ ನಾನೇ ಕೊಟ್ಟೆನಲ್ಲ!

ನಾವಿರೋದು ಹಲಸೂರಿನ ಒಂದು ವಠಾರ. ಆರು ಮನೆ, ತಗಡಿನ ಸೂರು, ಒಂದೇ ಬಚ್ಚಲು. ನೀರು ಕಾಯಿಸೋ ಕಾಯಿಲ್ಲಿಗೆ ಪ್ಲಗ್ಗಿಲ್ಲ. ವೈರಿನ ತುದಿ ಸುಲಿದು, ತೂತಿಗಿಟ್ಟು, ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಬಟ್ಟೆ ಒಣಹಾಕೋ ಕಬ್ಬಿಣದ ತಂತಿ ಕರೆಂಟಿನ ವೈರಿಗೆ ಒರಸಿಕೊಂಡೇ ಹೋಗಿದೆ. ಮಾಲೀಕರಿಗೆ ಹೇಳಿದರೆ "ಬಾಡಿಗೆ ಜಾಸ್ತಿ ಮಾಡ್ಲಾ?" ಅಂತಾರೆ. ಕರೆಂಟು ಜಾತಿ ನೋಡಲ್ಲ, ನಿಜ. ಸುಲಿದ ವೈರು ಮಾತ್ರ ಕೇರಿ ನೋಡಿಕೊಂಡೇ ಬರುತ್ತೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. 1905ರಲ್ಲಿ ಬೆಂಗಳೂರು ಪೇಟೆಯ ಬೀದಿಗೂ ದೀಪ ಬಂತು. ಆ ತಂತಿ ಹಾದುಹೋದ ದಾರಿಯ ಕೇರಿಗಳಿಗೆ ಬುಡ್ಡಿದೀಪವೇ ಗತಿಯಾಗಿತ್ತು. ನಮಗೆ ಬೆಳಕು ಕಟ್ಟಕಡೆಗೆ ಬಂತು. ಅದರ ತಿಳುವಳಿಕೆ ಇನ್ನೂ ಬರಬೇಕು.

ಮನೆ ಒಳಗಷ್ಟೇ ಅಲ್ಲ. 2023ರ ನವೆಂಬರ್ 19ರ ಬೆಳಗಿನ ಜಾವ, ಕೆ.ಆರ್. ಪುರದಾಚೆ ಕಾಡುಗೋಡಿಯ ಹೋಪ್ ಫಾರ್ಮ್ ಸಿಗ್ನಲ್ ಹತ್ತಿರ, ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ ಸತ್ತಳು. ಕಂಕುಳಲ್ಲಿದ್ದ ಒಂಬತ್ತು ತಿಂಗಳ ಹೆಣ್ಣುಮಗುವೂ ಸತ್ತಿತು. ಬಿಡಿಸೋಕೆ ಹೋದ ಗಂಡನಿಗೂ ಗಾಯವಾಯಿತು.

ಮಾರನೇ ದಿನ ವಠಾರದ ಮಕ್ಕಳನ್ನೆಲ್ಲ ಕೂರಿಸಿಕೊಂಡೆ. ಗುಮ್ಮ ಇಲ್ಲ, ನಾನು ಸುಳ್ಳು ಹೇಳಿದ್ದೆ ಅಂತ ಮೊದಲು ಒಪ್ಪಿಕೊಂಡೆ. ಕರೆಂಟು ನೆಲಕ್ಕೆ ಹೋಗೋ ದಾರಿ ಹುಡುಕುತ್ತೆ. ತಾಮ್ರ ಅದಕ್ಕೆ ದಾರಿ, ನಮ್ಮ ಮೈಯೂ ದಾರಿ, ಮೈ ಒದ್ದೆಯಾದರೆ ದಾರಿ ಇನ್ನೂ ಸಲೀಸು ಅಂದೆ. ಕರೆಂಟು ಎಳ್ಕೊಳ್ಳುತ್ತೆ ಅಂತಾರಲ್ಲ, ಎಳೆಯೋದಿಲ್ಲ. ಕೈ ಬಿಗಿದುಕೊಂಡು ಹಿಡಿ ಬಿಡೋಕಾಗಲ್ಲ ಅಂತ ಮುಷ್ಟಿ ಕಟ್ಟಿ ತೋರಿಸಿದೆ. ಒದ್ದೆ ಕೈ ಸ್ವಿಚ್ಚಿಗೆ ಬೇಡ. ತೂತಿಗೆ ಬೆರಳು, ಪಿನ್ನು ಬೇಡ. ಕಾಯಿಲ್ಲಿರೋ ಬಕೆಟ್ಟಿನ ಹತ್ರ ಹೋಗಬೇಡ. ಬಿದ್ದ ತಂತಿ ಕಂಡರೆ ದೂರ ನಿಂತು ದೊಡ್ಡೋರನ್ನ ಕೂಗು. ಯಾರಿಗಾದರೂ ಕರೆಂಟು ಹಿಡಿದಿದ್ದರೆ ಅವರನ್ನೂ ಮುಟ್ಟಬೇಡ, "ಮೇನ್ ಆಫ್ ಮಾಡಿ" ಅಂತ ಕಿರುಚು.

"ಅಮ್ಮನ್ನೂ ಮುಟ್ಟಬಾರ್ದಾ?" ಅಂದಳು ಪಕ್ಕದ ಮನೆ ಹುಡುಗಿ.

ನನ್ನ ಗಂಟಲು ಕಟ್ಟಿತು. "ಹೂಂ ಕಣವ್ವ, ಅಮ್ಮನ್ನೂ. ಮುಟ್ಟಿದರೆ ನೀನೂ ಅಂಟ್ಕೊಂಡ್‌ಬಿಡ್ತೀಯ. ಕೂಗಿದರೆ ಅಮ್ಮ ಉಳೀಬಹುದು."

ಆಮೇಲೆ ದೊಡ್ಡೋರು ಕೂತೆವು. ಫ್ಯೂಸ್ ಇದೆಯಲ್ಲ ಅಂದರು. ಐದು ಆಂಪಿಯರ್ ಫ್ಯೂಸು ವೈರನ್ನು ಕಾಯುತ್ತೆ, ಮನುಷ್ಯನನ್ನಲ್ಲ. ಅದಕ್ಕಿಂತ ಎಷ್ಟೋ ಕಮ್ಮಿ ಕರೆಂಟಿಗೇ ಜೀವ ಹೋಗುತ್ತೆ. 30 ಮಿಲಿ ಆಂಪಿಯರ್ ಸೋರಿದರೇ ಕಡಿದುಹಾಕೋ ಆರ್‌ಸಿಸಿಬಿ ಬೇಕು, ಅರ್ಥಿಂಗೂ ಬೇಕು. ಕಬ್ಬಿಣದ ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ಟಿದೆವು. ಕಾಯಿಲ್ಲಿಗೆ ಮೂರು ಪಿನ್ನಿನ ಪ್ಲಗ್ಗು ಹಾಕಿಸಿದೆವು. ಮಿಕ್ಕಿದ್ದಕ್ಕೆ ಆರೂ ಮನೆಯೋರು ಮಾಲೀಕರ ಮುಂದೆ ಹೋಗಿ ನಿಂತೆವು. ಅವರಿನ್ನೂ ಒಪ್ಪಿಲ್ಲ. ನಾವೂ ಬಿಟ್ಟಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಟೀಚರಮ್ಮಗಳೇ, ಮಕ್ಕಳಿಗೆ ಮುಟ್ಟಬೇಡ ಅಂತ ಹೇಳಲೇಬೇಕು. ಹೇಳುವಾಗ ಯಾಕೆ ಅನ್ನೋದನ್ನೂ ಹೇಳಿ. ಕಾರಣ ಕೇಳಿ ಕಲಿತ ಮಗು ಕರೆಂಟಿನಿಂದ ದೂರ ನಿಲ್ಲುತ್ತೆ. ಕಾರಣವೇ ಇಲ್ಲದ ಇನ್ನೊಂದು ಮುಟ್ಟಬೇಡ ಇದೆಯಲ್ಲ, ಅದರ ಮುಂದೆ ನಿಂತು "ಯಾಕೆ?" ಅಂತ ಕೇಳೋದನ್ನೂ ಅದೇ ಮಗು ಕಲಿಯುತ್ತೆ.