ಪಟ್ಟ ಮತ್ತು ಪಟ್ಟು

ಕನ್ನಡ ಐಚ್ಛಿಕವನ್ನು ಆರಿಸಿಕೊಂಡಂದಿನಿಂದ ನನಗೆದುರಾಗುವ ಪ್ರಶ್ನೆ ಒಂದೇ: ‘ತರಗತಿಯಲ್ಲಿ ಎಷ್ಟು ಜನ?’ ಆಗೆಲ್ಲ ಅಮೆರಿಕದ ಮಿಶ್ರ ಸಮರಕಲೆಯ ಪಟು ಡಿಮಿಟ್ರಿಯಸ್ ಜಾನ್ಸನ್ ನೆನಪಾಗುತ್ತಾನೆ. ಐದಡಿ ಮೂರಂಗುಲ ಎತ್ತರ, ಸುಮಾರು 57 ಕಿಲೋ ತೂಕ. 2012ರಲ್ಲಿ ಯುಎಫ್‌ಸಿ ಫ್ಲೈವೇಟ್ ವಿಭಾಗದ ಮೊದಲ ಚಾಂಪಿಯನ್ ಆದ ಆತ ಸತತ 11 ಬಾರಿ ಪಟ್ಟವನ್ನು ಉಳಿಸಿಕೊಂಡ. ಆದರೂ ದೈತ್ಯರ ಕಾಳಗಕ್ಕೆ ಮುಗಿಬೀಳುವ ಜನ ಈ ಸಣ್ಣ ತೂಕದವನನ್ನು ಅಷ್ಟಾಗಿ ಗಮನಿಸಲಿಲ್ಲ. 2017ರಲ್ಲಿ ರೇ ಬೋರ್ಗ್‌ನನ್ನು ಮೇಲೆತ್ತಿ ಒಗೆಯುತ್ತಿರುವಾಗಲೇ ಅವನ ತೋಳಿಗೆ ಪಟ್ಟು ಹಾಕಿ ಸೋಲೊಪ್ಪಿಸಿದ್ದು ಅಪೂರ್ವ ಕೌಶಲ. 2018ರಲ್ಲಿ ಹೆನ್ರಿ ಸೆಹುಡೊ ಎದುರು ಕೂದಲೆಳೆಯ ಅಂತರದಲ್ಲಿ ಪಟ್ಟ ಹೋಯಿತು, ಪಟ್ಟು ಹೋಗಲಿಲ್ಲ. 2022ರಲ್ಲಿ ಒನ್ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ ಪಟ್ಟವೇರಿದ. ನೋಡುವವರ ಲೆಕ್ಕ ಅವನ ಕೈಯಲ್ಲಿರಲಿಲ್ಲ, ಕಲಿಕೆ ಇತ್ತು. ಈಗ ಅದೇ ಪ್ರಶ್ನೆಗೆ ‘ಏಳು ಜನ’ ಎಂದು ತಲೆಯೆತ್ತಿಯೇ ಉತ್ತರಿಸುತ್ತೇನೆ.