ಅಕ್ಕನ ದಿನ ಮುಗಿಯುವುದು ಯಾವಾಗ?



ಕಾಲದ ಸುಳಿಯಲ್ಲಿ ಸಿಕ್ಕಿಕೊಂಡವರ ಕಥೆಗಳನ್ನು ನೀವೂ ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡಿರಬಹುದು. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ನಾಳೆ ಬಂದಿರುವುದಿಲ್ಲ, ಮತ್ತೆ ಅದೇ ದಿನ! ಅದೇ ಗಂಟೆ, ಅದೇ ಮಾತು, ಅದೇ ಆಪತ್ತು. 1993ರ ಅಮೇರಿಕನ್ ಚಿತ್ರ ‘ಗ್ರೌಂಡ್‌ಹಾಗ್ ಡೇ’ಯಲ್ಲಿ ಟಿ.ವಿ.ಯ ಹವಾಮಾನ ವರದಿಗಾರನೊಬ್ಬನಿಗೆ ಫೆಬ್ರವರಿ 2 ಮುಗಿಯುವುದೇ ಇಲ್ಲ. 1998ರ ಜರ್ಮನ್ ಚಿತ್ರ ‘ರನ್ ಲೋಲಾ ರನ್’ನಲ್ಲಿ ಯುವತಿಯೊಬ್ಬಳು ತಾನು ಪ್ರೀತಿಸಿದವನನ್ನು ಉಳಿಸಲು ಅದೇ 20 ನಿಮಿಷಗಳ ಓಟವನ್ನು ಮೂರು ಸಲ ಓಡುತ್ತಾಳೆ. 2022ರಲ್ಲಿ ಅದೇ ಕಥೆ ‘ಲೂಪ್ ಲಪೇಟಾ’ ಎಂಬ ಹೆಸರಿನಲ್ಲಿ ಹಿಂದಿಗೂ ಬಂತು.

ಆ ಓಡುವವಳ ಜಾಗದಲ್ಲಿ ಒಬ್ಬ ಅಕ್ಕನನ್ನು ನಿಲ್ಲಿಸಿ ನೋಡಿ. ತಂಗಿಗೆ ಬಂದ ಆಪತ್ತನ್ನು ತಪ್ಪಿಸಲು ಅವಳು ಅದೇ ದಿನವನ್ನು ನೂರು ಸಲ ಬದುಕುತ್ತಾಳೆ. ತಂಗಿ ಮಾತ್ರ ಪ್ರತಿ ಬೆಳಿಗ್ಗೆ ಏನೂ ಅರಿಯದೆ ನಗುತ್ತಾ ಏಳುತ್ತಾಳೆ. ಏಕೆಂದರೆ ಇಂತಹ ಕಥೆಗಳಲ್ಲಿ ದಿನ ಮರುಕಳಿಸಿದ್ದು ಹೆಚ್ಚಾಗಿ ಒಬ್ಬರಿಗೆ ಮಾತ್ರ ನೆನಪಿರುತ್ತದೆ. ಕಷ್ಟಪಟ್ಟವಳಿಗೆ ಎಲ್ಲವೂ ನೆನಪು, ಉಳಿದುಕೊಂಡವಳಿಗೆ ಏನೂ ಗೊತ್ತಿಲ್ಲ. ಎಂತಹ ಪ್ರೀತಿ! ಎಂತಹ ಒಂಟಿತನ!

ಇದು ಬರೀ ಕಟ್ಟುಕಥೆ ಎನ್ನುತ್ತೀರಾ? ದಾಂಡೇಲಿ, ಹಳಿಯಾಳದ ಓಣಿಗಳಲ್ಲಿ, ಜೋಯ್ಡಾ, ಮುಂಡಗೋಡದ ಹಳ್ಳಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮನೆಯ ಹಿರಿಯ ಹೆಣ್ಣುಮಗಳ ದಿನ ಎಷ್ಟೋ ಕಡೆ ಇನ್ನೂ ಹೀಗೆಯೇ ಇದೆ.

ನಾವು ಬೆಳೆದದ್ದು ದಾಂಡೇಲಿಯಲ್ಲಿ. ಕಾಳಿ ನದಿಯ ದಡದ ಈ ಊರಿಗೆ 1955ರಲ್ಲಿ ಕಾಗದ ಕಾರ್ಖಾನೆಯ ಸಂಸ್ಥೆ ಹುಟ್ಟಿಕೊಂಡ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದರು. ನಮ್ಮ ಅಜ್ಜನೂ ಹಾಗೆ ಬಂದವರೇ. ಅಮ್ಮಿ ಹಾಸಿಗೆ ಹಿಡಿದಾಗ ಆಪಾ ಎಂಟನೇ ತರಗತಿಯಲ್ಲಿದ್ದಳು, ಅವಳ ಕೆಳಗೆ ನಾವು ಮೂವರು. ಶಾಲೆ ಬಿಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೆ. ಬೆಳಿಗ್ಗೆ ನೀರು ಹಿಡಿಯುವುದು, ಒಲೆ ಹಚ್ಚುವುದು, ನಮಗೆ ಜಡೆ ಹಾಕಿ ಡಬ್ಬಿ ಕಟ್ಟುವುದು, ಅಮ್ಮಿಗೆ ಔಷಧಿ ಕೊಡುವುದು... ನಾವು ಒಂದೊಂದು ವರ್ಷ ಮುಂದಿನ ತರಗತಿಗೆ ಹೋದೆವು. ಅವಳ ದಿನ ಮಾತ್ರ ಅದೇ ದಿನವಾಗಿ ಉಳಿಯಿತು.

“ಎಷ್ಟು ತ್ಯಾಗಮಯಿ ಹುಡುಗಿ!” ಎಂದು ನೆರೆಹೊರೆಯವರು ಹೊಗಳುತ್ತಿದ್ದರು. ಹೊಗಳಿಕೆ ಒಳ್ಳೆಯದೇ. ಆದರೆ ಕೈ ಹಿಡಿದು ಹೊರಗೆಳೆಯಬೇಕಾದವಳಿಗೆ ಬರೀ ಚಪ್ಪಾಳೆ ತಟ್ಟಿದರೆ ಅವಳು ಸುಳಿಯಲ್ಲೇ ಉಳಿದುಬಿಡುತ್ತಾಳೆ.

ಪ್ರವಾದಿ ಮೂಸಾ(ಅ)ರ ಸಹೋದರಿಯನ್ನು ನೆನಪಿಸಿಕೊಳ್ಳಿ. ಹಸುಗೂಸನ್ನು ನೀರಿನ ಪಾಲಾಗಿಸಿದಾಗ ದೂರದಿಂದಲೇ ಅದರ ಮೇಲೆ ಕಣ್ಣಿಟ್ಟು ಹಿಂಬಾಲಿಸಿದವಳು ಆಕೆ. ಮಗು ಫಿರ್‌ಔನನ ಮನೆ ಸೇರಿದಾಗ ಧೈರ್ಯದಿಂದ ಮಾತನಾಡಿ, ಅದು ಮತ್ತೆ ತಾಯಿಯ ಮಡಿಲು ಸೇರುವಂತೆ ಮಾಡಿದವಳೂ ಆಕೆಯೇ. ಪವಿತ್ರ ಕುರ್‌ಆನ್ ಅಲ್ಲಿ ಆಕೆಯ ಹೆಸರು ಹೇಳುವುದಿಲ್ಲ, ಆದರೆ ಆಕೆ ಮಾಡಿದ ಕೆಲಸವನ್ನು ಹೇಳದೆ ಬಿಡಲಿಲ್ಲ. ಅಕ್ಕನ ಕೆಲಸ ಕಣ್ಣಿಗೆ ಬೀಳಬೇಕು, ನೆನಪಿನಲ್ಲಿ ಉಳಿಯಬೇಕು ಎನ್ನಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ನಮ್ಮ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೀವು ನೋಡಿರಬಹುದು. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಮುಸ್ಲಿಮರೂ ಕ್ರೈಸ್ತರೂ ಹಿಂದೂಗಳೂ ಇದ್ದಾರೆ. 2003ರಲ್ಲಿ ಇಲ್ಲಿನ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಅವರು ಅಂಚಿನಿಂದ ಹೊಲಿಗೆ ಆರಂಭಿಸುತ್ತಾರೆ. ಸೂಜಿ ಸುತ್ತ ಸುತ್ತುತ್ತಾ ಒಳಗೆ ಸಾಗಿ ಕೊನೆಗೆ ನಡುವಿಗೆ ಬಂದು ನಿಲ್ಲುತ್ತದೆ. ನೋಡುವವರಿಗೆ ಅದೂ ಅದೇ ಅದೇ ಸುತ್ತು. ಆದರೆ ಪ್ರತಿ ಸುತ್ತೂ ಹಿಂದಿನದಕ್ಕಿಂತ ಒಂದಿಷ್ಟು ಮುಂದೆ ಬಂದಿರುತ್ತದೆ, ಒಂದು ದಿನ ಕೌದಿ ಮುಗಿಯುತ್ತದೆ. ಮನೆಯ ಅಕ್ಕಂದಿರ ಸುತ್ತಿಗೂ ಹೀಗೊಂದು ಮುಕ್ತಾಯ ಬೇಡವೇ?

ನಮ್ಮ ಮನೆಯಲ್ಲಿ ಅದು ಹೇಗಾಯಿತೆಂದು ಹೇಳುತ್ತೇನೆ. ತಮ್ಮ ದುಡಿಯಲು ಶುರುಮಾಡಿದ ವರ್ಷ ನಾವು ಮೂವರೂ ಸೇರಿ ಕೆಲಸ ಹಂಚಿಕೊಂಡೆವು. ಬೆಳಗಿನ ಅಡುಗೆ ತಂಗಿಯದು, ಅಮ್ಮಿಯ ಆರೈಕೆ ನನ್ನದು, ನೀರು ಮತ್ತು ಪೇಟೆ ತಮ್ಮನದು. “ನನಗೆ ಈ ವಯಸ್ಸಿನಲ್ಲಿ ಓದು ಯಾಕೆ?” ಎಂದು ಆಪಾ ನಕ್ಕಳು. ಮರುದಿನ ನೋಡಿದರೆ ತಂಗಿಯ ಹಳೆಯ ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕುತ್ತಾ ಕುಳಿತಿದ್ದಳು! ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆದಳು. ಗಣಿತ ಒಮ್ಮೆ ಕೈಕೊಟ್ಟಿತು, ಎರಡನೇ ಸಲ ಒಲಿಯಿತು. ಈಗ ಅವಳು ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಾಳೆ. ಗಣಿತವನ್ನೂ!

ಶಾಲೆ ಬಿಟ್ಟವರಿಗೆ ಬಾಗಿಲು ಮುಚ್ಚಿಲ್ಲ, ಸಹೋದರಿಯರೇ. ಶಾಲೆಗೆ ಹೋಗದೆಯೂ ಎಸ್ಸೆಸ್ಸೆಲ್ಸಿ ಬರೆಯುವ ಅವಕಾಶ ನಮ್ಮ ರಾಜ್ಯದಲ್ಲಿದೆ. 1989ರಿಂದ ಇರುವ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಗೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ 14ರ ನಂತರ ಮಗಳನ್ನು ಶಾಲೆಯಲ್ಲಿ ಉಳಿಸುವುದು ಮನೆಯವರ ಮನಸ್ಸಿಗೆ ಬಿಟ್ಟ ವಿಷಯ. ಜೋಯ್ಡಾದ ಕಾಡಿನ ನಡುವಿನ ಚದುರಿದ ಊರುಗಳಲ್ಲಂತೂ ಪ್ರೌಢಶಾಲೆಯ ದಾರಿಯೇ ಉದ್ದ. ಮನೆಯಲ್ಲಿ ಏನೇ ಕಷ್ಟ ಬಂದರೂ ಮೊದಲು ನಿಲ್ಲುವುದು ಹಿರಿಯ ಹುಡುಗಿಯ ಶಾಲೆ.

ಅಕ್ಕನ ಪ್ರೀತಿಗೆ ಬೆಲೆ ಕಟ್ಟಲು ಯಾರಿಂದಲೂ ಸಾಧ್ಯವಿಲ್ಲ, ನಿಜ. ಆದರೆ ತ್ಯಾಗವನ್ನು ಒಬ್ಬಳ ಹೆಗಲ ಮೇಲೆಯೇ ಹೊರಿಸಿದರೆ ಅದು ಅನ್ಯಾಯ. ಹಂಚಿಕೊಂಡರೆ ಅದೇ ಕುಟುಂಬ. ತಂಗಿಯರೇ, ತಮ್ಮಂದಿರೇ, ನಿಮ್ಮನ್ನು ದಡ ಸೇರಿಸಿದವಳು ಇನ್ನೂ ನೀರಿನಲ್ಲಿದ್ದಾಳೆಯೇ ಎಂದು ಒಮ್ಮೆ ತಿರುಗಿ ನೋಡಿ. “ನಿನಗೆ ಏನಾಗಬೇಕೆಂದು ಆಸೆಯಿತ್ತು?” ಎಂದು ಇವತ್ತೇ ಕೇಳಿ. ಉತ್ತರ ಹೇಳಲು ಅವಳು ತುಸು ಹೊತ್ತು ತೆಗೆದುಕೊಂಡಾಳು. ಅವಸರ ಮಾಡಬೇಡಿ.